ತಿರುಗದ ಅಂಗೈ

ನನ್ನ ಎಡಗೈಯ ಮೊಣಕೈ ಮಡಿಸುವ ಜಾಗದಲ್ಲಿ ಒಂದು ಎಲುಬಿದೆ. ಹುಟ್ಟುವಾಗ ಇರಲಿಲ್ಲ. ಇರಬೇಕಾದ ಎಲುಬುಗಳೆಲ್ಲ ಅವವುಗಳ ಜಾಗದಲ್ಲೇ ಇವೆ. ಇದೊಂದು ಮಾತ್ರ ಮಾಂಸದ ನಡುವೆ ಕರೆಯದೆ ಬಂದ ನೆಂಟನಂತೆ ಕೂತುಬಿಟ್ಟಿದೆ, ಏಳುವ ಮಾತೇ ಆಡುವುದಿಲ್ಲ.

ಆಸ್ಪತ್ರೆಯ ಬೆಂಚಿನ ಮೇಲೆ ಕೂತಿದ್ದ ದಿನಗಳಲ್ಲಿ ಅಕ್ಕಪಕ್ಕದವರನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಕಾಲು ಮುರಿದವನಿಗೆ ಕಾಲು ಮುರಿದ ಇನ್ನೊಬ್ಬ ಸಿಗುತ್ತಿದ್ದ. ಇಬ್ಬರೂ ಬೀಡಿ ಹಂಚಿಕೊಂಡು ಬೆಲ್ಟು, ಸಿಮೆಂಟು, ರಾಡು ಎಂದು ಮಾತಿಗೆ ಕೂರುತ್ತಿದ್ದರು. ಎಲುಬು ಮುರಿದು ಬಂದವರ ನಡುವೆ ಎಲುಬು ಹೆಚ್ಚಾಗಿ ಬಂದವನು ನಾನೊಬ್ಬನೇ. ಎಲ್ಲಾದರೂ ಇನ್ನೊಬ್ಬ ನನ್ನಂತೆ ಕೂತಿದ್ದರೆ ಅವನ ಕೈಗೆ ಇದು ಸಿಗಲಿ ಎಂದು ಬರೆಯುತ್ತಿದ್ದೇನೆ. ಧೈರ್ಯ ಹೇಳುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪಕ್ಕದಲ್ಲಿ ಕೂರಬಲ್ಲೆ, ಅಷ್ಟೆ.

ಹೊಸಪೇಟೆಯಲ್ಲಿ ಸಂಡೂರು ರಸ್ತೆಯ ಕಡೆ ನನ್ನದೊಂದು ತಾಡಪತ್ರಿ ಮತ್ತು ಹಗ್ಗದ ಅಂಗಡಿ. ಗಣಿಯ ಹುಚ್ಚು ಹತ್ತಿದ ವರ್ಷಗಳು ಅವು. ಅದಿರು ಹೇರಿದ ಲಾರಿಗಳು ಮುಂದಿನದರ ಬಾಲ ಮೂಸುತ್ತ ನಿಲ್ಲುತ್ತಿದ್ದವು. ಅದಿರಿನ ಮೇಲೆ ಹೊದಿಸಲು ಎಲ್ಲರಿಗೂ ತಾಡಪತ್ರಿ ಬೇಕು, ಕಟ್ಟಲು ಹಗ್ಗ ಬೇಕು. ಒಗೆದ ಬಿಳಿ ಪಂಚೆ ಒಣಗುವಷ್ಟರಲ್ಲಿ ಕೆಂಪಾಗುತ್ತಿತ್ತು, ನಾವು ಅದನ್ನು ನೋಡಿ ನಗುತ್ತಿದ್ದೆವು. ಆಗ ಎಲ್ಲರಿಗೂ ನಗು ಬರುತ್ತಿತ್ತು.

ಅಪ್ಪನಿಂದ ನನಗೆ ಮೂರು ಬಂದವು. ಅಂಗಡಿ, ಸಕ್ಕರೆ ಕಾಯಿಲೆ, ಬೆಳಗಿನ ಪೂಜೆ. ಅಂಗಡಿಯನ್ನು ನಾನು ಬೆಳೆಸಿದೆ. ಸಕ್ಕರೆ ತಾನಾಗಿಯೇ ಬೆಳೆಯಿತು, ಮೂವತ್ತು ದಾಟಿದ ಮೇಲೆ ಮಾತ್ರೆ, ಆಮೇಲೆ ಇನ್ಸುಲಿನ್. ಪೂಜೆ ಮಾತ್ರ ಅಪ್ಪ ಕಲಿಸಿದ ಹಾಗೆಯೇ ಉಳಿಯಿತು. ನಮ್ಮದು ಲಿಂಗ ಕಟ್ಟಿಕೊಂಡ ಮನೆತನ. ಮಿಂದು ವಿಭೂತಿ ಧರಿಸಿ, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿ ಇಟ್ಟುಕೊಳ್ಳಬೇಕು. ಬಲಗೈಯಿಂದ ನೀರು, ವಿಭೂತಿ, ಪತ್ರಿ ಏರಿಸಬೇಕು. ಆಮೇಲೆ ಅಂಗೈಯನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ರೆಪ್ಪೆ ಮಿಟುಕಿಸದೆ ಅದನ್ನೇ ನೋಡಬೇಕು. ನಾನು ದೊಡ್ಡ ಭಕ್ತನೇನಲ್ಲ, ಅಂಗಡಿಯಲ್ಲಿ ನನ್ನ ಬಾಯಿ ಕೇಳಿದವರು ಅದನ್ನು ಒಪ್ಪುತ್ತಾರೆ. ಆದರೆ ಆ ಹೊತ್ತು ನನ್ನದಾಗಿತ್ತು. ಅಪ್ಪನ ಕಾಲಿನ ಬೆರಳು ಕೊಳೆತು ತೆಗೆದಾಗಲೂ, ಅಪ್ಪ ಹೋದಾಗಲೂ, ಬೆಳಿಗ್ಗೆ ನನ್ನ ಅಂಗೈ ನೋಡಿಕೊಂಡು ಕೂತರೆ ನನ್ನ ಮನಸ್ಸು ತಿಳಿಯಾಗುತ್ತಿತ್ತು. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವ ರೂಢಿ ನಮ್ಮಲ್ಲಿಲ್ಲ. ಹೆಂಡತಿ ಗಂಡನದನ್ನು ಮುಟ್ಟುವುದಿಲ್ಲ, ತಾಯಿ ಮಗನದನ್ನೂ ಮುಟ್ಟುವುದಿಲ್ಲ.

ಬಿದ್ದದ್ದು ನನ್ನ ಸಿಟ್ಟಿನಿಂದ. ಒಬ್ಬ ಡ್ರೈವರ್ ಹರಿದ ತಾಡಪತ್ರಿ ತಂದು, ಮಾಲು ಸರಿ ಇಲ್ಲ ಎಂದು ಜಗಳ ತೆಗೆದ. ಮಾಲು ಸರಿಯಿದೆ, ನಿನಗೆ ಕಟ್ಟಲು ಬರುವುದಿಲ್ಲ ಎಂದು ತೋರಿಸಲು ನಾನೇ ಅವನ ಲಾರಿಯ ಮೇಲೆ ಹತ್ತಿದೆ. ಹಗ್ಗವನ್ನು ಕೊಕ್ಕೆಗೆ ಸಿಕ್ಕಿಸಿ ಹಿಂದಕ್ಕೆ ವಾಲಿ ಎಳೆದೆ. ಗಂಟು ಜಾರಿತು. ಕೆಳಗೆ ಎಡಗೈ ಊರಿ ಬಿದ್ದೆ, ಮೊಣಕೈ ಕೀಲು ತಪ್ಪಿತು. ಊರಿನ ಆಸ್ಪತ್ರೆಯಲ್ಲಿ ಕೀಲು ಕೂರಿಸಿ, ಕೈಯನ್ನು ಕೊರಳಿಗೆ ಜೋಲಿ ಹಾಕಿ ಕಳಿಸಿದರು. ಕೆಲವು ವಾರಗಳ ನಂತರ ಕಟ್ಟು ಬಿಚ್ಚಿದವರು, ಮನೆಯಲ್ಲಿ ನೀವೇ ಮೆಲ್ಲಗೆ ಕೈ ಮಡಿಸಿ ಬಿಡಿಸಿ ಮಾಡಿಕೊಳ್ಳಿ ಎಂದರು. ಹಿಂದೆ ಲಾರಿ ಅಪಘಾತದವರ ಸಾಲೇ ನಿಂತಿತ್ತು. ಹೆಚ್ಚು ಕೇಳಲು ನನಗೂ ಸಂಕೋಚ, ಹೇಳಲು ಅವರಿಗೂ ಪುರುಸೊತ್ತಿಲ್ಲ.

ಮನೆಯಲ್ಲಿ ಅವ್ವ ಇದ್ದಳು. ಅವ್ವನ ತವರು ಎಮ್ಮಿಗನೂರು. ಕೂಸು ಎರೆಯುವುದರಲ್ಲಿ ಅವಳ ಕೈಯನ್ನು ಮೀರಿಸಿದವರು ಅಲ್ಲೂ ಇರಲಿಲ್ಲ, ನಮ್ಮ ಓಣಿಯಲ್ಲೂ ಇಲ್ಲ. ಯಾರ ಮನೆಯಲ್ಲಿ ಹೆರಿಗೆಯಾದರೂ ಅವ್ವ ಹೋಗಿ, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಔಡಲ ಎಣ್ಣೆ ಹಚ್ಚಿ ತಿಕ್ಕಿ ಬಿಸಿನೀರು ಹಾಕಬೇಕು. ಕೈಕಾಲು ಸೊಟ್ಟಗಿದ್ದರೆ ತಿಕ್ಕಿಯೇ ನೆಟ್ಟಗೆ ಮಾಡಿದೆ ಎಂದು ಅವಳ ಹೆಮ್ಮೆ. ನನ್ನನ್ನೂ ಹಾಗೆಯೇ ತಿಕ್ಕಿ ಬೆಳೆಸಿದವಳು. ಅಪ್ಪನ ಸೊಂಟ, ನನ್ನ ಹೆಂಡತಿ ಗಿರಿಜಾಳ ಬಾಣಂತನದ ಬೆನ್ನು, ಮಗಳ ಉಳುಕಿದ ಕಾಲು ಎಲ್ಲ ಅವಳ ಕೈಯಲ್ಲೇ ವಾಸಿಯಾದವು. ಕಟ್ಟು ಬಿಚ್ಚಿದ ದಿನವೇ ಅವಳು ಎಣ್ಣೆ ಕಾಯಿಸಿದಳು.

ಆ ಮನೆಯಲ್ಲಿ ಯಾರಿಗಾದರೂ ಬೇಡ ಎನ್ನಲು ತೋಚುತ್ತಿತ್ತೇ? ನನಗಂತೂ ತೋಚಲಿಲ್ಲ. ಪಡಸಾಲೆಯಲ್ಲಿ ಮಣೆ ಹಾಕಿ ಕೂರಿಸಿ, ನನ್ನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಭುಜದಿಂದ ಕೆಳಗೆ ತಿಕ್ಕುತ್ತ ಬರುತ್ತಿದ್ದಳು. ಮೊಣಕೈ ಹತ್ತಿರ ಬಂದಾಗ ಹೆಬ್ಬೆರಳು ಊರುತ್ತಿದ್ದಳು. ಆಮೇಲೆ ಒಂದು ಕೈಯಿಂದ ತೋಳು, ಒಂದು ಕೈಯಿಂದ ಮುಂಗೈ ಹಿಡಿದು ಮಡಿಸುತ್ತಿದ್ದಳು. ಮಗ್ಗುಲ ಮನೆಗೆ ಕೇಳುವಂತೆ ನಾನು ಅಳುತ್ತಿದ್ದೆ, ಮೀಸೆ ಬಂದ ಗಂಡಸು. ಅವಳ ಕಣ್ಣಲ್ಲೂ ನೀರು ಇಳಿಯುತ್ತಿತ್ತು, ಕೈ ಮಾತ್ರ ನಿಲ್ಲುತ್ತಿರಲಿಲ್ಲ. ತಿಕ್ಕಿಸಿಕೊಂಡ ಮೇಲೆ ಒಂದಿಷ್ಟು ಹೊತ್ತು ಕೈ ಹಗುರಾಗುತ್ತಿತ್ತು ಎನ್ನುವುದೂ ನಿಜ. ಆ ಹಗುರಕ್ಕೇ ನಾನು ಮೋಸಹೋದೆ.

ಮೊಣಕೈ ಬಿಸಿಯಾಗತೊಡಗಿತು. ಒಳಗೊಂದು ಗಂಟು ಕೈಗೆ ಸಿಗತೊಡಗಿತು. ಅವ್ವ ಅದನ್ನು ಹೆಪ್ಪುಗಟ್ಟಿದ ರಕ್ತ ಎಂದಳು.

“ಬಿದ್ದಾಗ ರಗತ ಕಟ್ಟಿಬಿಟ್ಟೈತಪ್ಪಾ. ಇದನ್ನ ಕರಗಿಸಿದ್ರ ಕೈ ತಾನ ಬಿಡ್ತೈತಿ, ನೋಡಂತಿ” ಎಂದು ಅದರ ಮೇಲೆಯೇ ಹೆಬ್ಬೆರಳಿಟ್ಟಳು.

ಗಂಟು ಕರಗಲಿಲ್ಲ. ಬಲಿಯಿತು. ಅದು ಬಲಿತಷ್ಟೂ ಅವ್ವ ಬಲ ಹಾಕಿದಳು. ಅವ್ವ ಬಲ ಹಾಕಿದಷ್ಟೂ ಅದು ಬಲಿಯಿತು. ನಮ್ಮ ಮನೆಯಲ್ಲಿ ಪ್ರೀತಿ ಎನ್ನುವುದು ಹಾಗೆ ಕೆಲಸ ಮಾಡಿತು.

ಮೊದಲು ಹೆದರಿಕೆ ಹುಟ್ಟಿದ್ದು ಪೂಜೆಯ ಹೊತ್ತಿನಲ್ಲಿ. ಕಟ್ಟು ಹಾಕಿದ್ದ ದಿನಗಳಲ್ಲಿ ಕೊರಳಿನಲ್ಲಿದ್ದ ಲಿಂಗವನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಸುಮ್ಮನಿದ್ದೆ, ಬಿಚ್ಚಿದ ಮೇಲೆ ಮಾಡಿದರಾಯಿತು ಎಂದು. ಬಿಚ್ಚಿದ ಮೇಲೆ ನೋಡಿದರೆ ಅಂಗೈ ಪೂರ್ತಿ ಮೇಲಕ್ಕೆ ತಿರುಗುತ್ತಿಲ್ಲ. ಲಿಂಗ ವಾಲಿಕೊಂಡು ಕೂರುತ್ತಿತ್ತು. ಕೆಲವು ದಿನಕ್ಕೆ ಅಂಗೈ ಇನ್ನಷ್ಟು ಕೆಳಗೆ ತಿರುಗಿತು. ಒಂದು ಬೆಳಿಗ್ಗೆ ಲಿಂಗ ಜಾರಿ ನನ್ನ ಮಡಿಲಿಗೆ ಬಿತ್ತು. ನೆಲಕ್ಕೆ ಬೀಳಲಿಲ್ಲ, ಸದ್ಯ. ಆದರೆ ನನ್ನ ಎದೆ ಎಷ್ಟು ಹೊಡೆದುಕೊಂಡಿತೆಂದರೆ, ಗಿರಿಜಾ ಬಂದು ಶುಗರ್ ಇಳಿಯಿತೋ ಏನೋ ಎಂದು ಬಾಯಿಗೆ ಸಕ್ಕರೆ ಹಾಕಿದಳು. ಬಳ್ಳಾರಿಗೆ ಹೋಗಿ ತೋರಿಸೋಣ ಎಂದು ಅವಳೇ ಹಟ ಹಿಡಿದಳು.

ಬಳ್ಳಾರಿಯ ಬಸ್ಸು ತೋರಣಗಲ್ಲು, ಕುರೆಕುಪ್ಪದ ಹತ್ತಿರ ಲಾರಿಗಳ ನಡುವೆ ಸಿಕ್ಕಿಕೊಂಡರೆ ಮುಗಿಯಿತು. ಆ ದಿನವೂ ಸಿಕ್ಕಿಕೊಂಡಿತು. ಅವ್ವ ತಾನೂ ಬರುತ್ತೇನೆಂದು ಹೊರಟಿದ್ದಳು. ಚೀಲದಲ್ಲಿ ಎಣ್ಣೆಯ ಶೀಷೆ ಇತ್ತು, ದಾರಿಯಲ್ಲಿ ಕೈ ಹಿಡಿದುಕೊಂಡರೆ ಬೇಕಾಗುತ್ತದೆ ಎಂದು. ಆಸ್ಪತ್ರೆಯಲ್ಲಿ ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾವಿಬ್ಬರೂ ಒಳಗೆ ಹೋದೆವು.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಮೊಣಕೈ ಮುಂದೆ, ಏನೂ ಇರಬಾರದ ಕಪ್ಪಿನಲ್ಲಿ, ಹಿಂಜಿದ ಹತ್ತಿಯಂತೆ ಬೆಳ್ಳಗೆ ಕಾಣುತ್ತಿತ್ತು. ಮಾಂಸದೊಳಗೆ ಎಲುಬು ಬೆಳೆಯುತ್ತಿದೆ ಎಂದರು. ಹೀಗೂ ಉಂಟೇ ಎಂದು ಗಿರಿಜಾ ಕೇಳಿದಳು. ಉಂಟು, ಪೆಟ್ಟು ಬಿದ್ದ ಮಾಂಸ ಕೆಲವೊಮ್ಮೆ ದಾರಿ ತಪ್ಪುತ್ತದೆ, ಸಕ್ಕರೆ ಇರುವವರ ಮೈ ಬೇಡದ ಕಡೆ ಎಲುಬು ಕಟ್ಟುವುದನ್ನು ನೋಡಿದ್ದೇವೆ, ಆದರೆ ಇದು ಇಷ್ಟು ಬೆಳೆಯಬೇಕಾದರೆ ಬೇರೆ ಏನೋ ಆಗಿರಬೇಕು ಎಂದರು. ಆಮೇಲೆ ನನ್ನ ತೋಳಿನ ಚರ್ಮವನ್ನು ಬೆರಳಿನಿಂದ ಸವರಿ, ಆ ಬೆರಳನ್ನು ಮೂಗಿಗೆ ಹಿಡಿದರು.

“ಯಾರ್ರೀ ಇದನ್ನ ತಿಕ್ಕಿದವ್ರು?”

ಗಿರಿಜಾ ನನ್ನ ಮುಖ ನೋಡಿದಳು. ಬಾಗಿಲ ಆಚೆ ಅವ್ವ ಯಾರೊಂದಿಗೋ ಮಾತಾಡುತ್ತಿದ್ದದ್ದು ಕೇಳುತ್ತಿತ್ತು, ಮಗ ಹುಷಾರಾಗುತ್ತಾನೆ ಎಂದೇ ಇರಬೇಕು. ಕಂಪ್ಲಿ ಕಡೆ ಒಬ್ಬ ನಾಟಿ ವೈದ್ಯನಿದ್ದಾನೆ, ಅವನ ಹತ್ತಿರ ಹೋಗಿದ್ದೆ ಎಂದುಬಿಟ್ಟೆ. ಅಂಥವನು ಯಾರೂ ಇರಲಿಲ್ಲ. ಡಾಕ್ಟರು ಸಿಟ್ಟಾದರು. ತಿಕ್ಕಿದ್ದರಿಂದಲೇ ಇದು ಹೀಗೆ ಬೆಳೆದದ್ದು, ಇನ್ನು ಮೇಲೆ ಯಾರೂ ಕೈ ಹಚ್ಚಬಾರದು, ಎಣ್ಣೆ ಬೇಡ, ಎಳೆಯುವುದು ಬೇಡ ಎಂದರು. ಈಗಲೇ ಕೊಯ್ದು ತೆಗೆಯಲೂ ಆಗುವುದಿಲ್ಲ, ಹಸಿ ಇರುವಾಗ ಮುಟ್ಟಿದರೆ ಮತ್ತೆ ಬೆಳೆಯುತ್ತದೆ, ಪೂರ್ತಿ ಬಲಿತು ಗಟ್ಟಿಯಾಗುವವರೆಗೆ ಕಾಯಬೇಕಂತೆ. ಅಷ್ಟರಲ್ಲಿ ಶುಗರ್ ಹಿಡಿತಕ್ಕೆ ಬರಬೇಕಂತೆ. ನನ್ನ ಕೈ ಕಲ್ಲಾಗುವುದನ್ನು ನಾನು ಕೂತು ನೋಡಬೇಕು, ಚಿಕಿತ್ಸೆ ಎಂದರೆ ಅದೇ.

ಹೊರಗೆ ಬಂದಾಗ ಅವ್ವ ಎದ್ದು ನಿಂತು, ಏನಂದ್ರು ಎಂದಳು. ಶುಗರ್ ಇರುವವರಿಗೆ ಎಣ್ಣೆ ಆಗಿಬರುವುದಿಲ್ಲವಂತೆ, ಸ್ವಲ್ಪ ದಿನ ಹಚ್ಚಬಾರದಂತೆ ಎಂದೆ.

“ಹುಟ್ಟಿದಾಗಿಂದ ಹಚ್ಚಿದ ಎಣ್ಣಿ ಈಗ ಆಗಿಬರಂಗಿಲ್ಲೇನು?” ಎಂದಳು. ನನಗಲ್ಲ, ಗಿರಿಜಾಳಿಗೆ.

ಅಲ್ಲಿಂದ ನಮ್ಮ ಮನೆ ಕೆಟ್ಟಿತು. ಸೊಸೆಯೇ ಮಗನ ತಲೆ ತುಂಬಿ ತನ್ನ ಕೈ ಬಿಡಿಸಿದಳು ಎಂದು ಅವ್ವ ತಿಳಿದಳು. ಎದುರಿಗೆ ಏನೂ ಅನ್ನಲಿಲ್ಲ, ಓಣಿಯ ಹೆಂಗಸರ ಮುಂದೆ ಅಂದಳು. ಅದು ಗಿರಿಜಾಳ ಕಿವಿಗೆ ಬಿತ್ತು. ನಿಜ ಹೇಳಿಬಿಡುತ್ತೇನೆ ಎಂದು ನಾನು ಎದ್ದಾಗ ಅವಳೇ ನನ್ನನ್ನು ತಡೆದಳು. ನಾನು ಕೆಟ್ಟವಳಾದರೆ ಮುದುಕಿ ಇನ್ನೂ ಇಪ್ಪತ್ತು ವರ್ಷ ಬೈದುಕೊಂಡು ಬದುಕುತ್ತಾಳೆ, ನಿಜ ಗೊತ್ತಾದರೆ ಅದೇ ಕೊರಗಿನಲ್ಲಿ ಹೋಗುತ್ತಾಳೆ ಎಂದಳು. ಗಿರಿಜಾಳಂಥ ಹೆಂಡತಿಗೆ ನಾನು ಲಾಯಕ್ಕಲ್ಲ ಎಂದು ಅನೇಕರು ಹೇಳಿದ್ದಾರೆ. ಒಪ್ಪುತ್ತೇನೆ.

ಕಾಯುವ ತಿಂಗಳುಗಳ ಬಗ್ಗೆ ಏನು ಬರೆಯಲಿ? ಮೊಣಕೈ ಸ್ವಲ್ಪ ಬಾಗಿದಂತೆ ಇದ್ದು ಅಲ್ಲೇ ನಿಂತಿತು. ಮಡಚಲು ಬರುವುದಿಲ್ಲ, ಚಾಚಲು ಬರುವುದಿಲ್ಲ, ಅಂಗೈ ಸದಾ ನೆಲ ನೋಡುತ್ತದೆ. ಅಂಗಿಯ ಗುಂಡಿ ಗಿರಿಜಾ ಹಾಕಬೇಕು. ಬಚ್ಚಲಿನ ಕಷ್ಟಗಳನ್ನು ಬರೆಯುವುದಿಲ್ಲ, ಅನುಭವಿಸಿದವರಿಗೆ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಬಟ್ಟೆ ಅಳೆಯಲು ಎರಡು ಕೈ ಬೇಕು, ನನ್ನ ಒಂದು ಕೈ ಬರೀ ಅಳತೆಗೋಲಾಗಿ ಉಳಿಯಿತು. ಬಂದವರೆಲ್ಲ ವೈದ್ಯರು. ಬೇವಿನ ರಸ ಕುಡಿ ಎಂದವರು, ಸಗಣಿ ಕಟ್ಟು ಎಂದವರು, ಹಂಪಿಗೆ ಹೋಗಿ ಹೊಳೆಯಲ್ಲಿ ಮುಳುಗಿ ಬಾ ಎಂದವರು. ಎಲುಬು ಹೆಚ್ಚಾದರೆ ಒಳ್ಳೆಯದೇ ಅಲ್ಲವೇ, ಗಟ್ಟಿಯಾದಿ ಎಂದು ಒಬ್ಬ ಲಾರಿ ಮಾಲೀಕ ನಕ್ಕ. ಅವನಿಗೆ ತಾಡಪತ್ರಿ ಕೊಡದೆ ಕಳಿಸಿದೆ.

ಬಂದವರನ್ನೆಲ್ಲ ಬೈದು ಮುಗಿಸಿದ ಮೇಲೆ ಹೆದರಿಕೆ ಬರುತ್ತಿತ್ತು. ಒಂದು ಕಡೆ ಎಲುಬಾದ ಮಾಂಸ ಇನ್ನೊಂದು ಕಡೆಯೂ ಆದರೆ? ಕುತ್ತಿಗೆ ನೋವಾದರೆ ಕುತ್ತಿಗೆ ಮುಟ್ಟಿ ನೋಡುವುದು, ತೊಡೆ ಹಿಡಿದುಕೊಂಡರೆ ತೊಡೆ ಒತ್ತಿ ನೋಡುವುದು. ನನ್ನ ಮೈಯನ್ನೇ ನಾನು ನಂಬದಾದೆ. ಸಾಯುವುದಕ್ಕೆ ಹೆದರಿಕೆ ಇರಲಿಲ್ಲ, ನಿಂತಲ್ಲೇ ಕಲ್ಲಿನ ಕಂಬವಾಗಿ ಉಳಿದುಬಿಟ್ಟೇನು ಎಂದು ಹೆದರುತ್ತಿದ್ದೆ.

ಒಂದು ಸಣ್ಣ ಉಪಕಾರ ಮರೆಯಬಾರದು. ತಪಾಸಣೆಗೆಂದು ಒಬ್ಬನೇ ಹೋಗಿದ್ದ ಒಂದು ದಿನ, ಇನ್ಸುಲಿನ್ ಚುಚ್ಚಿಕೊಂಡು ಬಂದವನು ಸಾಲು ತಪ್ಪುತ್ತದೆಂದು ಊಟಕ್ಕೆ ಏಳಲಿಲ್ಲ. ಮೈ ಬೆವೆತು ಕಣ್ಣು ಕತ್ತಲೆ ಬಂತು. ಪಕ್ಕದಲ್ಲಿ ಚೋರನೂರಿನ ಒಬ್ಬ ಹೆಂಗಸು ಕೂತಿದ್ದಳು, ಗಂಡನ ಕಾಲಿಗೆ ಸಿಮೆಂಟು ಹಾಕಿಸಲು ಬಂದವಳು. ನಾನು ಕೇಳುವ ಮೊದಲೇ ಸೆರಗಿನ ಗಂಟು ಬಿಚ್ಚಿ ಶೇಂಗಾ, ಬೆಲ್ಲ ನನ್ನ ಕೈಗೆ ಹಾಕಲು ಬಂದಳು. ಬಲಗೈ ನಡುಗುತ್ತಿತ್ತು. ಎಡಗೈ ಒಡ್ಡಲು ಹೋದರೆ ಅದು ಕೆಳಮುಖವಾಗಿತ್ತು, ಬೆಲ್ಲ ನೆಲಕ್ಕೆ ಬಿತ್ತು. ಅವಳು ಅದನ್ನು ನೋಡಿ, ಏನೂ ಕೇಳದೆ ಇನ್ನೊಂದು ಚೂರನ್ನು ನೇರ ನನ್ನ ಬಾಯಿಗೇ ಇಟ್ಟಳು. ಅವಳ ಹೆಸರು ನನಗೆ ಗೊತ್ತಿಲ್ಲ. ಬಿಟ್ಟಿ ಬುದ್ಧಿ ಹೇಳದವಳು ಅವಳೊಬ್ಬಳೇ.

ಎಲುಬು ಬಲಿಯಿತು ಎಂದು ಡಾಕ್ಟರು ಹೇಳುವಷ್ಟರಲ್ಲಿ ಒಂದು ಮಳೆಗಾಲ ಕಳೆದು ಇನ್ನೊಂದು ಬಂದಿತ್ತು. ಆಪರೇಷನ್ ಮಾತಾಡಲು ಮನೆಯವರನ್ನೂ ಕರೆದುಕೊಂಡು ಬರಲು ಹೇಳಿದ್ದರು. ಅವ್ವನನ್ನು ಹೊರಗೆ ಕೂರಿಸಲು ನೋಡಿದೆವು, ಅವಳು ಕೂರಲಿಲ್ಲ, ನಮ್ಮ ಹಿಂದೆಯೇ ಒಳಗೆ ಬಂದಳು. ಡಾಕ್ಟರು ಒಳ್ಳೆಯವರು. ವಯಸ್ಸಾದವಳು ಎಂದು ಕುರ್ಚಿ ಕೊಡಿಸಿ, ಎಕ್ಸ್‌ರೇ ತೋರಿಸಿ, ತಾವಾಗಿಯೇ ವಿವರಿಸತೊಡಗಿದರು.

“ನೋಡಬೇ ಅಮ್ಮ, ಈ ಎಲುಬು ಅವನದಲ್ಲ. ಆ ಕಂಪ್ಲಿ ಕಡೆ ನಾಟಿ ವೈದ್ಯ ತಿಕ್ಕಿ ತಿಕ್ಕಿ ಬೆಳೆಸಿದ್ದು. ಸುಮ್ನ ಬಿಟ್ಟಿದ್ರ ಇಷ್ಟು ಆಗ್ತಿರ್ಲಿಲ್ಲ.”

ಅವ್ವ ಎಕ್ಸ್‌ರೇಯನ್ನೇ ನೋಡುತ್ತಿದ್ದಳು. “ತಿಕ್ಕಿದ್ದಕ್ಕ ಹಿಂಗಾತೇನ್ರಿ?” ಎಂದಳು.

“ತಿಕ್ಕಿದ್ದಕ್ಕ ಆದದ್ದು.”

ನನಗೆ ನೆಲ ಬಿರಿದರೆ ಸಾಕಾಗಿತ್ತು. ಗಿರಿಜಾ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ಯಾವ ವೈದ್ಯನ ಹತ್ತಿರವೂ ಹೋಗಿಲ್ಲ ಎಂದು ಅವ್ವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? ಆ ವೈದ್ಯ ಯಾರು ಎಂದು ಅವಳು ನನ್ನನ್ನು ಕೇಳಲಿಲ್ಲ. ಬಸ್ಸಿನಲ್ಲಿ ಹೊಸಪೇಟೆಯವರೆಗೂ ಎರಡೂ ಕೈಗಳನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತಿದ್ದಳು. ಟಿಕೇಟು ತೆಗೆದುಕೊಳ್ಳಲೂ ಕೈ ಹೊರಗೆ ತೆಗೆಯಲಿಲ್ಲ.

ಮನೆಗೆ ಬಂದು ಎಣ್ಣೆಯ ಶೀಷೆಯನ್ನು ಹಿತ್ತಿಲಲ್ಲಿ ಬಗ್ಗಿಸಿದಳು. ಆ ವಾರವೇ ಓಣಿಯಲ್ಲಿ ಒಂದು ಹೆರಿಗೆಯಾಯಿತು, ಕೂಸಿಗೆ ಎರೆಯಲು ಬಾ ಎಂದು ಕರೆಯಲು ಬಂದರು. ಅವ್ವ ಹೋಗಲಿಲ್ಲ. ನನ್ನ ಕೈಯಲ್ಲಿ ಈಗ ಬಲ ಇಲ್ಲ, ಬೇರೆಯವರನ್ನು ನೋಡಿಕೊಳ್ಳಿ ಎಂದು ಬಾಗಿಲಲ್ಲೇ ಹೇಳಿ ಕಳಿಸಿದಳು. ಆಮೇಲೆ ಅವಳು ಯಾವ ಕೂಸನ್ನೂ ಎರೆಯಲಿಲ್ಲ. ಸ್ವಂತ ತಲೆಗೂ ಎಣ್ಣೆ ಹಚ್ಚಿಕೊಳ್ಳಲಿಲ್ಲ. ಗಿರಿಜಾಳ ಜೊತೆ ಮೊದಲಿಗಿಂತ ಮೆತ್ತಗೆ ಮಾತಾಡತೊಡಗಿದಳು, ಅದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತಿತ್ತು. ನಾನು ನಾಲ್ಕಾರು ಸಲ ಅವಳ ಎದುರು ಹೋಗಿ ಕೂತೆ. ನಿನ್ನ ತಪ್ಪಲ್ಲ, ಶುಗರ್‌ನಿಂದ ಆದದ್ದು ಎಂದು ಹೇಳಬೇಕೆಂದು ಕೂತವನು, ನೀರು ಕುಡಿದು ಎದ್ದು ಬಂದೆ. ಮಾತಾಡಿದರೆ ಅವಳಿಗೆ ಗೊತ್ತಾಗಿದೆ ಎಂದು ಒಪ್ಪಿದಂತಾಗುತ್ತಿತ್ತು.

ಆಪರೇಷನ್ ಆಯಿತು. ಆ ಎಲುಬನ್ನು ಡಾಕ್ಟರು ಒಂದು ತಟ್ಟೆಯಲ್ಲಿ ಗಿರಿಜಾಳಿಗೆ ತೋರಿಸಿದರಂತೆ. ಎಚ್ಚರವಾದಾಗ ನಾನು ಮೊದಲು ನೋಡಿದ್ದು ಅಂಗೈ. ಬ್ಯಾಂಡೇಜಿನ ಒಳಗೇ ಅದು ಸ್ವಲ್ಪ ಮೇಲಕ್ಕೆ ತಿರುಗಿತ್ತು. ಪೂರ್ತಿ ಅಲ್ಲ, ಸ್ವಲ್ಪ. ನಾನು ಅತ್ತೆ. ವಾರ್ಡಿನ ಆಯಾ ಬಂದು ನನ್ನ ಕಣ್ಣೀರನ್ನು ತನ್ನ ಸೆರಗಿನಲ್ಲೇ ಒರೆಸಿ, ಅಂಗಿಯ ಗುಂಡಿ ಹಾಕಿ ಹೋದಳು. ಆ ಎರಡು ಮೂರು ದಿನ ನಾನು ಸುಖವಾಗಿದ್ದೆ ಎಂದು ಹೇಳಬಹುದು. ಬೆಳಿಗ್ಗೆ ಲಿಂಗ ಹಿಡಿದು ಕೂರುತ್ತೇನೆ, ಅವ್ವನನ್ನು ಕರೆದು ತೋರಿಸುತ್ತೇನೆ, ಇಬ್ಬರ ಕೈಗಳೂ ವಾಸಿಯಾಗುತ್ತವೆ ಎಂದು ಲೆಕ್ಕ ಹಾಕಿದೆ.

ಸಕ್ಕರೆ ಆ ಲೆಕ್ಕ ತಪ್ಪಿಸಿತು. ಗಾಯ ಮಾಯಲಿಲ್ಲ. ಕೀವಾಯಿತು, ಮತ್ತೆ ಬಿಚ್ಚಿ ತೊಳೆದರು, ಜ್ವರ ಬಂತು. ಎಲುಬು ಮತ್ತೆ ಬೆಳೆಯದಂತೆ ಕೊಡಬೇಕಾದ ಮಾತ್ರೆ ನನ್ನ ಕಿಡ್ನಿಗೆ ಆಗುವುದಿಲ್ಲವೆಂದು ನಿಲ್ಲಿಸಿದರು. ಅಪ್ಪನ ಕಾಲಿನ ಬೆರಳು ನನ್ನ ಕಣ್ಣ ಮುಂದೆ ಬರುತ್ತಿತ್ತು, ಕೈಯನ್ನೇ ತೆಗೆಯುತ್ತಾರೇನೋ ಎಂದು ಬಾಗಿಲ ಸದ್ದಿಗೆಲ್ಲ ಬೆಚ್ಚುತ್ತಿದ್ದೆ. ಕೈ ಉಳಿಯಿತು. ಗಾಯ ಕೊನೆಗೆ ಕೂಡಿತು. ಅದು ಕೂಡುವಷ್ಟರಲ್ಲಿ ಒಳಗೆ ಮತ್ತೆ ಅದೇ ಬಿಸಿ, ಅದೇ ಗಂಟು. ಹೊಸ ಎಕ್ಸ್‌ರೇಯಲ್ಲಿ ಹತ್ತಿ ಮತ್ತೆ ಅರಳಿತ್ತು, ಮೊದಲಿಗಿಂತ ಹೆಚ್ಚು. ಈ ಸಲ ಯಾರೂ ತಿಕ್ಕಿರಲಿಲ್ಲ. ಅದನ್ನು ಅವ್ವನಿಗೆ ಹೇಳಿದೆ. ಈ ಸಲ ತಾನಾಗಿಯೇ ಬೆಳೆದಿದೆ ಎಂದು, ಅವಳಿಗೆ ಸಮಾಧಾನವಾಗಲಿ ಎಂದೇ ಹೇಳಿದೆ. ಅವಳು ತಲೆ ಆಡಿಸಿದಳು. ನಂಬಲಿಲ್ಲ. ಇನ್ನೊಮ್ಮೆ ಕೊಯ್ಯುವ ಧೈರ್ಯ ಮಾಡುವುದಿಲ್ಲ, ಇದನ್ನು ಇಟ್ಟುಕೊಂಡೇ ಬದುಕುವುದನ್ನು ರೂಢಿಸಿಕೊಳ್ಳಿ ಎಂದು ಡಾಕ್ಟರು ಹೇಳಿದರು. ರೂಢಿಸಿಕೊಳ್ಳಿ ಎನ್ನುವುದು ಡಾಕ್ಟರುಗಳು ಕೈಚೆಲ್ಲುವಾಗ ಆಡುವ ಮಾತು ಎಂದು ನನಗೆ ಅಷ್ಟರಲ್ಲಿ ಗೊತ್ತಾಗಿತ್ತು.

ನಮ್ಮ ಮಠದ ಅಯ್ಯನವರು ವಿಷಯ ಕೇಳಿ ಮನೆಗೆ ಬಂದರು. ಲಿಂಗವನ್ನು ಬಲಗೈಯಲ್ಲಿ ಹಿಡಿಯುತ್ತೇನೆ ಎಂದರೆ ಪತ್ರಿ ಏರಿಸಲು ಎಡಗೈ ಬಾಗುವುದಿಲ್ಲ. ಅಯ್ಯನವರು ಒಂದು ಪುಟ್ಟ ಮಣೆ ತಂದುಕೊಟ್ಟು, ಅದರ ಮೇಲಿಟ್ಟು ಮಾಡು, ಶಿವನಿಗೆ ನಿನ್ನ ಕಷ್ಟ ಗೊತ್ತಿಲ್ಲವೇ ಎಂದರು. ದೊಡ್ಡ ಮನಸ್ಸಿನವರು. ನಾನು ಮಣೆಯ ಮೇಲಿಟ್ಟು ಮಾಡಿದೆ. ಕಟ್ಟಿಗೆಯ ಮೇಲೆ ಕಲ್ಲು ಕೂತಿತ್ತು. ಎದುರು ನಾನು ಇನ್ನೊಂದು ಕಲ್ಲಿನ ಹಾಗೆ ಕೂತಿದ್ದೆ. ಮನಸ್ಸು ತಿಳಿಯಾಗಲಿಲ್ಲ, ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಬೇಡಿ. ಕೆಲವು ದಿನ ಹೀಗೆ ಕೂತು, ಒಂದು ದಿನ ಬಿಟ್ಟೆ. ಲಿಂಗ ಕೊರಳಿನಲ್ಲೇ ಇತ್ತು, ನಾನು ಅದನ್ನು ಮುಟ್ಟುವುದನ್ನೇ ನಿಲ್ಲಿಸಿದೆ. ಮಿಂದು, ತಿಂದು, ಅಂಗಡಿಗೆ ಹೋಗಿ ಗಿರಾಕಿಗಳ ಮೇಲೆ ಹರಿಹಾಯುವುದಷ್ಟೇ ನನ್ನ ದಿನವಾಯಿತು. ಗಿರಿಜಾ ಹೇಳಿ ನೋಡಿದಳು, ಆಮೇಲೆ ಹೇಳುವುದನ್ನು ಬಿಟ್ಟಳು.

ಅವ್ವ ಎಲ್ಲವನ್ನೂ ನೋಡುತ್ತಿದ್ದಳು. ಒಂದು ಬೆಳಿಗ್ಗೆ ನಾನು ಮಿಂದು ಬರುವಷ್ಟರಲ್ಲಿ ದೇವರ ಕೋಣೆಯಲ್ಲಿ ಕೂತಿದ್ದಳು. ತಾನೂ ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಮಣೆಯನ್ನು ಗೋಡೆಗೆ ಒರಗಿಸಿ, ಆ ಜಾಗದಲ್ಲಿ ತಾನು ಕೂತಿದ್ದಳು. ಎಷ್ಟೋ ತಿಂಗಳಿಂದ ಸೆರಗಿನಲ್ಲಿದ್ದ ಕೈ ಹೊರಗಿತ್ತು. ಎಡಗೈಯನ್ನು ನನ್ನ ಕಡೆಗೆ ಚಾಚಿದಳು, ಅಂಗೈ ಮೇಲಾಗಿ.

“ನಿನ್ನ ಅಂಗೈ ನಾ ಕೆಡಿಸಿದೆ. ನಂದು ತಗೋ, ಈರಣ್ಣ.”

ನೀನು ಮುಟ್ಟುವಂತಿಲ್ಲ, ನಮ್ಮಲ್ಲಿ ಹಾಗೆ ರೂಢಿ ಇಲ್ಲ ಎಂದು ನಾನು ತೊದಲಿದೆ.

“ರೂಢಿ ನನಗ ಹೇಳಬ್ಯಾಡ. ಇಡು.”

ಇಟ್ಟೆ. ಔಡಲ ಎಣ್ಣೆ ನೂರಾರು ಕೂಸುಗಳ ಮೈಗೆ ಇಳಿಸಿದ ಕೈ ಅದು, ಗೆರೆಗಳೆಲ್ಲ ಸವೆದಿದ್ದವು. ಬಲಗೈಯಿಂದ ನೀರು ಏರಿಸಿದೆ, ವಿಭೂತಿ, ಪತ್ರಿ. ಆಮೇಲೆ ನಾನು ಹೇಳುವ ಮೊದಲೇ ಅವಳು ಕೈಯನ್ನು ಮೇಲೆತ್ತಿ ನನ್ನ ಕಣ್ಣಿನ ಮಟ್ಟಕ್ಕೆ ತಂದು ಹಿಡಿದಳು. ನನ್ನ ಕಣ್ಣು ತುಂಬಿ ಏನೂ ಕಾಣಲಿಲ್ಲ. ಅವಳು ಇಳಿಸಲಿಲ್ಲ, ನನಗೆ ಕಾಣುವವರೆಗೂ ಹಿಡಿದೇ ಇದ್ದಳು. ಬಾಗಿಲಲ್ಲಿ ಗಿರಿಜಾ ನಿಂತಿದ್ದಳು.

ಆಮೇಲೆ ಪ್ರತಿದಿನ ಹೀಗೆಯೇ. ಅಯ್ಯನವರಿಗೆ ಗೊತ್ತಾಗಿದೆ, ಅವರು ಕೇಳಿಲ್ಲ. ಗಣಿಗಳು ನಿಂತವು, ಲಾರಿಗಳು ಶೆಡ್ಡು ಸೇರಿದವು, ಅಂಗಡಿಯಲ್ಲಿ ತಾಡಪತ್ರಿಗಳು ಮಡಿಸಿಟ್ಟಲ್ಲೇ ಇವೆ. ಪಂಚೆ ಈಗ ಬೆಳ್ಳಗೆ ಒಣಗುತ್ತದೆ. ನನ್ನ ಮೊಣಕೈ ಹಾಗೆಯೇ ಇದೆ, ಸೊಂಟದ ಹತ್ತಿರ ಇನ್ನೊಂದು ಗಟ್ಟಿ ಗಂಟು ಕೈಗೆ ಸಿಗುತ್ತಿದೆ. ತೋರಿಸಲು ಹೋಗಿಲ್ಲ. ಗಿರಿಜಾಳಿಗೂ ಹೇಳಿಲ್ಲ, ಇದನ್ನು ಓದಿದರೆ ಗೊತ್ತಾಗುತ್ತದೆ.

ಅವ್ವನ ಕೈ ಈಗ ನಡುಗುತ್ತದೆ. ಎತ್ತಿ ಹಿಡಿದಾಗ ಗಿರಿಜಾ ಹಿಂದಿನಿಂದ ಅವಳ ಮೊಣಕೈಗೆ ತನ್ನ ಕೈ ಆನಿಸುತ್ತಾಳೆ. ಆದರೂ ನಡುಗುತ್ತದೆ. ಲಿಂಗವನ್ನು ಬಿಟ್ಟು ದೃಷ್ಟಿ ಅತ್ತಿತ್ತ ಹೋಗಬಾರದು ಎಂದು ಅಪ್ಪ ಕಲಿಸಿದ್ದ. ನನ್ನ ದೃಷ್ಟಿ ಆ ನಡುಕದ ಮೇಲೆಯೇ ಇರುತ್ತದೆ, ನಿನ್ನೆಗಿಂತ ಹೆಚ್ಚಾಯಿತೇ ಎಂದು ನೋಡುತ್ತ ಕೂರುತ್ತೇನೆ.

ಅಯ್ಯನವರು ಕೊಟ್ಟ ಮಣೆ ಗೋಡೆಗೆ ಒರಗಿಸಿದಲ್ಲೇ ಇದೆ. ಗಿರಿಜಾ ಒಮ್ಮೆ ಅದನ್ನು ಅಟ್ಟಕ್ಕೆ ಹಾಕಲು ಎತ್ತಿಕೊಂಡಳು. ಬೇಡ, ಅಲ್ಲೇ ಇರಲಿ ಎಂದೆ.